ನಡುಗೋ ಹಲಗೆ, ಎರಡು ಬೆರಳು ಜಿಗಿತ

ಮಂಜು ಇಳಿದಾಗ ನಮ್ಮ ಮೂಡಿಗೆರೆ ಜಿಮ್ಮು ಮೋಡದ ಮೇಲೆ ತೇಲ್ತಿರೋ ಹಂಗೆ ಕಾಣುತ್ತೆ. ತೇಲೋ ಜಾಗದಲ್ಲಿ ಇಂಥವೆಲ್ಲ ಆಗ್ತಾನೇ ಇರ್ತವೆ.

ಕಾಲೇಜು ಅರ್ಧಕ್ಕೆ ಬಿಟ್ಟ ನಾನು ಅಲ್ಲಿ ಟ್ರೈನರ್ರು. ನನ್ನ ಮಾತು ನಂಬಿ ಓನರ್ರು ಕರೆಂಟಲ್ಲಿ ನಡುಗೋ ಒಂದು ಹಲಗೆ ತರಿಸಿದ್ರು. ಅದರ ಮೇಲೆ ಮಂಡಿ ಬಗ್ಗಿಸಿ ನಿಂತ್ರೆ ಮೈಯೆಲ್ಲ ಗಡಗಡ. ಕಾಲಿಗೆ ಭಾರೀ ಪವರ್ ಬರುತ್ತೆ ಅಂತ ಬುರುಡೆ ಬಿಟ್ಟಿದ್ದು ನಾನೇ.

"ಭಾನುವಾರದೊಳಗೆ ಇದರಿಂದ ಯಾರಾದ್ರೂ ಎರಡು ಬೆರಳು ಜಾಸ್ತಿ ಎತ್ತರ ಹಾರ್ಬೇಕು. ಇಲ್ಲಾಂದ್ರೆ ಅದೂ ಹೊರಗೆ, ನೀನೂ ಹೊರಗೆ" ಅಂದ್ರು ಓನರ್ರು.

೧. ರೈಟರ್ ಸವಾರಿ

ಮೊದಲು ಹತ್ತಿದ್ದು ಎಸ್ಟೇಟಲ್ಲಿ ಆಳುಗಳ ಹಾಜರಿ ಬರೆಯೋ ರೈಟರ್ರು. ಎರಡೇ ನಿಮಿಷ, ಕಣ್ಣು ಮುಚ್ಚಿದ್ರು. ಕಿಟಕಿಯಿಂದ ಮಂಜು ಮೆಲ್ಲಗೆ ಒಳಗೆ ಬಂತು. ನಂಗೂ ಆಕಳಿಕೆ. ಸ್ವಿಚ್ ಆಫ್ ಮಾಡಿದೆ.

ಅವರು ಕಣ್ಣೇ ಬಿಡದೆ ಕೇಳಿದ್ರು: "ಬಸ್ಸು ಯಾಕೆ ನಿಂತ್ಕೊಂತು ಮಾರಾಯ?"

೨. ಸುಣ್ಣದ ಗುರುತು

ನನ್ನ ಪೂರ್ತಿ ನಂಬಿಕೆ ಇದ್ದಿದ್ದು ಕಾಫಿ ಮೂಟೆ ಹೊರೋ ಅಣ್ಣನ ಮೇಲೆ. ಜಿಮ್ಮಲ್ಲೂ ವರ್ಷಗಟ್ಟಲೆ ಭಾರ ಎತ್ತಿದೋನು, ಒಂದೊಂದು ತೊಡೆಯೂ ಹಲಸಿನ ದಿಮ್ಮಿ. ಬೆರಳಿಗೆ ಸುಣ್ಣ ಹಚ್ಕೊಂಡು ಹಾರಿ ಗೋಡೆ ಮುಟ್ಟಿದ. ಹಲಗೆ ಹತ್ತಿ ನಡುಗಿದ. ಮತ್ತೆ ಹಾರಿದ. ಹೊಸ ಗುರುತು ಹಳೇದರ ಮೇಲೇ ಕೂತಿತ್ತು.

"ಎಂಥದೂ ಆಗ್ಲಿಲ್ವಲ್ಲ ಅಣ್ಣ!"

"ದಿನಾ ಎಸ್ಟೇಟ್ ರೋಡಲ್ಲಿ ಜೀಪಿನ ಹಿಂದೆ ಕೂತು ಬರೋನು ನಾನು. ಓ, ನಿನ್ ಮೆಷಿನ್ ಆನ್ ಆಗಿತ್ತಾ?"

೩. ಅಮ್ಮನ ಜರಡಿ

ಭಾನುವಾರ ಓನರ್ರು ಟೇಪ್ ಹಿಡ್ಕೊಂಡೇ ಬಂದ್ರು. ನಾನು ಆಗಲೇ ಬ್ಯಾಗು ತುಂಬಿದ್ದೆ. ಅಷ್ಟರಲ್ಲಿ ಮಹಡಿ ಮನೆಯಿಂದ ಅವರ ತಾಯಿ ಕಾಫಿ ಬೀಜ ತುಂಬಿದ ಜರಡಿ, ದೊಡ್ಡ ತಟ್ಟೆ ಹಿಡ್ಕೊಂಡು ಇಳಿದ್ರು. ಹಲಗೆ ಮೇಲೆ ತಟ್ಟೆ, ತಟ್ಟೆ ಮೇಲೆ ಜರಡಿ ಇಟ್ಟು, "ಸ್ವಿಚ್ ಹಾಕು ಮಗ" ಅಂತ ನಂಗೆ ಅಂದ್ರು.

"ಅಮ್ಮಾ, ಅದು ಕಾಲಿಗೆ!" ಅಂದೆ.

"ನಿನ್ನ ಕಾಲಿಗೆ ಎಂಥ ಆಯ್ತು? ಜರಡಿ ಆಡ್ಸೋ ನನ್ನ ಕೈ ನೋವಾದ್ರೂ ತಪ್ಲಿ."

ಸ್ವಿಚ್ ಹಾಕಿದೆ. ಸಣ್ಣ ಬೀಜ ಕೆಳಗೆ ಉದುರಿದ್ವು, ದಪ್ಪವು ಮೇಲೆ ಕುಣಿದ್ವು. ಹೆಂಚಿನ ಮೇಲೆ ಸೋನೆ ಬಿದ್ದಂಗೆ ಸದ್ದು. ಕನಸಲ್ಲಿ ಇದ್ದೋರ ಹಂಗೆ ಎಲ್ರೂ ನೋಡ್ತಾ ನಿಂತ್ವಿ.

ಮೊದಲು ಎಚ್ಚರ ಆಗಿದ್ದು ನಂಗೆ. "ಸಾರ್, ಯಾರಾದ್ರೂ ಹಾರಿದ್ರೆ ಸಾಕು ಅಂದಿದ್ರಿ. ಟೇಪ್ ಹಿಡೀರಿ."

ಓನರ್ರು ಬಗ್ಗಿ ಬೀಜ ಹಾರೋ ಎತ್ತರ ಅಳೆದ್ರು. ಮೂರು ಬೆರಳು!

ಈಗಲೂ ನಾನು ಅಲ್ಲಿ ಟ್ರೈನರ್ರೇ. ನನ್ನ ಬ್ಯಾಚಲ್ಲಿ ಇರೋದು ಮಾತ್ರ ಬರೀ ಬೀಜ. ಒಂದೂ ಎದುರು ಮಾತಾಡಲ್ಲ, ಸ್ವಿಚ್ ಹಾಕಿದ್ರೆ ಸಾಕು, ಎಲ್ಲವೂ ಹಾರ್ತವೆ.