ಬ್ಯಾರಲ್‌ಗೂ ಸೆಕೆಯಾಗುತ್ತದೆ

ಅಂದು ಸಂಜೆ ನಮ್ಮ ಯಜಮಾನರು ಮೂಡಲಗಿಯ ಎಂಜಿನ್ ಆಯಿಲ್ ಅಂಗಡಿ ಮುಚ್ಚಿ ಬಂದು, ಎರಡು ರೊಟ್ಟಿ ತಿಂದು, “ನಾಳೆ ಹೊಸಾ ಬ್ಯಾರಲ್ ಬರತೈತಿ” ಎಂದು ಹೇಳಿ ಮಲಗಿದರು. ಮರುದಿನ ಬ್ಯಾರಲ್ ಬಂತು. ಅವರಿರಲಿಲ್ಲ.

ಒಂದು ತಿಂಗಳ ನಂತರ ನಾನೇ ಅಂಗಡಿಯ ಬಾಗಿಲು ತೆರೆದೆ. ಇಪ್ಪತ್ತು ವರ್ಷ ಅವರ ಅಂಗಿಯ ಎಣ್ಣೆ ಕಲೆ ತೊಳೆದವಳು. ಎಣ್ಣೆಯ ವಿಷಯದಲ್ಲಿ ನನಗೆ ತಿಳಿಯದ್ದೇನಿದೆ!

ಅವರು ಬ್ಯಾರಲ್‌ಗಳನ್ನು ನೆರಳಿನಲ್ಲಿ, ಹಲಗೆಯ ಮೇಲೆ ಅಡ್ಡ ಮಲಗಿಸುತ್ತಿದ್ದರು. ಗಂಡಸರ ಅಚ್ಚುಕಟ್ಟು ಅಷ್ಟೇ ಎಂದುಕೊಂಡು, ಹೊಸ ಬ್ಯಾರಲ್ಲನ್ನು ಹಿತ್ತಲಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಬೇಸಿಗೆಯ ಬಿಸಿಲು. ಮುಟ್ಟಿದರೆ ಕೈ ಸುಡುತ್ತಿತ್ತು. ಆಗ ನನ್ನ ಬುದ್ಧಿ ಓಡಿತು. ನೀರಿನ ಹರವಿಗೆ ಹಸಿ ಗೋಣಿಚೀಲ ಸುತ್ತಿ ತಂಪು ಮಾಡುವುದಿಲ್ಲವೇ? ಬ್ಯಾರಲ್‌ಗೂ ಸುತ್ತಿದೆ. ದಿನಕ್ಕೆ ಮೂರು ಸಲ ತಲೆಯ ಮೇಲೆ ಕೊಡ ಕೊಡ ನೀರು ಸುರಿದೆ. ಮೇಲಿನ ಅಂಚಿನೊಳಗೆ, ಬಿರಡೆಯ ಸುತ್ತ, ನೀರು ಕೆರೆಯಂತೆ ನಿಂತಿತು.

ಪಕ್ಕದ ಹಿಟ್ಟಿನ ಗಿರಣಿಯ ಗಂಗವ್ವ ಇಣುಕಿದಳು. “ಏನ್ ವೈನಿ, ಬ್ಯಾರಲ್‌ಗೂ ಸೆಕಿ ಆಗತೈತೇನು?”

“ಆಗದ ಏನು? ತಗಡಿನ ಮೈ ಅದು!”

“ಹಂಗಾರ ಒಂದೀಟು ಪಾನಕಾನೂ ಕುಡಸ್ರಿ!”

ನಕ್ಕುಬಿಟ್ಟೆ. ಅದು ಆಗಲೇ ಕುಡಿಯುತ್ತಿದೆ ಎಂದು ನನಗೇನು ಗೊತ್ತು!

ಹತ್ತು ದಿನಗಳ ಮೇಲೆ ಮಸಗುಪ್ಪಿಯ ಸಿದ್ದಪ್ಪ ಕಾಕಾ ಟ್ರ್ಯಾಕ್ಟರ್ ಆಯಿಲ್‌ಗೆ ಕ್ಯಾನ್ ಹಿಡಿದು ಬಂದರು. ಯಜಮಾನರು ಇದ್ದಾಗಿನಿಂದಲೂ ಬರುವ ಗಿರಾಕಿ. ಅವರು ಒಮ್ಮೆ ಮುಖ ತಿರುಗಿಸಿದರೆ ಅರ್ಧ ಊರೇ ಗೋಕಾಕದ ಅಂಗಡಿಗಳ ದಾರಿ ಹಿಡಿಯುತ್ತದೆ. ನಾನು ಅಂಗಡಿಗೆ ಬೀಗ ಹಾಕಬೇಕು. ಕ್ಯಾನನ್ನು ಹಿತ್ತಲಿಗೆ ಒಯ್ದು, ದೇವರನ್ನು ನೆನೆದು ಹೊಸ ಬ್ಯಾರಲ್ಲಿನ ಪಂಪು ಒತ್ತಿದೆ. ಕ್ಯಾನಿಗೆ ಬೆಳ್ಳಗೆ, ದಪ್ಪಗೆ ಏನೋ ಇಳಿಯಿತು.

ತಂದು ಮುಂದಿಟ್ಟಾಗ ಕಾಕಾ ಬಗ್ಗಿ ನೋಡಿದರು. “ಏನವಾ, ಮಜ್ಜಿಗಿ ಮಾರಾಕತ್ತೀಯೇನು?”

“ಕಂಪನಿ ಹೊಸಾ ಮಾಲು ಇರಬೇಕ್ರಿ ಕಾಕಾ…”

“ಖರೆ! ಒಗ್ಗರಣಿ ಒಂದ ಕಮ್ಮಿ ಐತಿ!”

ಹಿತ್ತಲಿಗೆ ಹೋಗಿ ಗೋಣಿಚೀಲ ಹೊದ್ದು ನಿಂತ ಬ್ಯಾರಲ್ ನೋಡಿದವರೇ, ಕಲ್ಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ಬಿಸಲಿಗೆ ಒಳಗಿನ ಗಾಳಿ ಉಬ್ಬಿ ಹೊರಗ ಹೋಗತೈತಿ. ತಣ್ಣಗಾತಂದ್ರ ಬಿರಡಿ ಸಂದಿಲೆ ಮ್ಯಾಲಿನ ನೀರು ಒಳಗ ಎಳಕೋತೈತಿ. ಅದಕ್ಕ ನಿನ್ನ ಗಂಡ ನೆರಳಾಗ ಅಡ್ಡ ಮಲಗಸ್ತಿದ್ದ. ನೀ ಮೂರು ಹೊತ್ತೂ ನೀರು ಕುಡಿಸೀದಿ!”

ತಲೆ ತಗ್ಗಿಸಿದೆ. “ನಾಳಿಂದ ಗೋಕಾಕಕ್ಕ ಹೋಗ್ತೀರೇನ್ರಿ?”

“ಎಲ್ಲಿಗಿ? ಸೀಲ್ ಇದ್ದ ಡಬ್ಬಿ ಕೊಡು. ಅದಕ್ಕೇನೂ ಸ್ನಾನ ಮಾಡಿಸಿಲ್ಲಲ್ಲಾ?”

ಬ್ಯಾರಲ್ಲಿನ ಎಣ್ಣೆಯನ್ನು ಒಂದು ಹನಿಯೂ ಮಾರಲಿಲ್ಲ. ಬ್ಯಾರಲ್ಲನ್ನು ಒಳಗೆ ಉರುಳಿಸಿ, ಉಳಿದವುಗಳ ಸಾಲಿನಲ್ಲಿ ಅಡ್ಡ ಮಲಗಿಸಿದೆ. ನನ್ನ ಇಪ್ಪತ್ತು ವರ್ಷದ ಪಾಂಡಿತ್ಯವೂ ಅವುಗಳ ಪಕ್ಕದಲ್ಲೇ ಮಲಗಿತು!

ಮನೆಗೆ ಬಂದಾಗ ಇದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಕೇಳಿ ನಗಲು ಅವರಿಲ್ಲ.