ಬ್ಯಾಟರಿ ತುಂಬಿತು

ನಾನು ಸ್ವಭಾವದಲ್ಲಿ ಜಿಪುಣಿಯಲ್ಲ. ಪದಾರ್ಥಕ್ಕೆ ತೆಂಗಿನಕಾಯಿ ಹಾಕುವಾಗ ಕೈ ಬಿಗಿ ಹಿಡಿದವಳಲ್ಲ, ಬಂದ ನೆಂಟರನ್ನು ಇನ್ನೊಂದು ಲೋಟ ಚಾ ಬೇಕಾ ಎಂದು ಕೇಳದೆ ಕಳಿಸಿದವಳೂ ಅಲ್ಲ. ಆದರೆ ಲ್ಯಾಪ್‌ಟಾಪಿನ ಬ್ಯಾಟರಿಯ ವಿಷಯ ಬಂದರೆ ನನ್ನಂಥ ಕಂಜೂಸು ಕಡಬ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ನನ್ನ ಲ್ಯಾಪ್‌ಟಾಪಿಗೆ ಏಳು ವರ್ಷ. ಮೊದಲೆಲ್ಲ ಒಮ್ಮೆ ತುಂಬಿಸಿದರೆ ನಾಲ್ಕು ಗಂಟೆ ಓಡುತ್ತಿತ್ತು. ಈಗ ಒಂದು ಗಂಟೆ ಓಡಿದರೆ ಅದರ ಪುಣ್ಯ. ಹೀಗಿರುವಾಗ ಬ್ಯಾಟರಿಯ ಆಯುಸ್ಸು ಹೆಚ್ಚಿಸುವ ಬಗ್ಗೆ ಎಲ್ಲೋ ಒಂದು ಲೇಖನ ಓದಿದೆ. ಬ್ಯಾಟರಿಯನ್ನು ಇಪ್ಪತ್ತಕ್ಕಿಂತ ಕೆಳಗೆ ಇಳಿಸಬಾರದು, ಎಂಬತ್ತಕ್ಕಿಂತ ಮೇಲೆ ಏರಿಸಬಾರದು, ಬಿಸಿಯಾಗಲು ಬಿಡಬಾರದು, ಬೆಳಕು ತಗ್ಗಿಸಬೇಕು. ಅಷ್ಟನ್ನೂ ವ್ರತದ ಹಾಗೆ ಹಿಡಿದೆ. ಪರದೆಯ ಬೆಳಕು ಎಷ್ಟು ತಗ್ಗಿತೆಂದರೆ ಮಕ್ಕಳ ಆಂತರಿಕ ಅಂಕಗಳನ್ನು ನಾನು ಓದುತ್ತಿದ್ದೆನೋ ಊಹಿಸುತ್ತಿದ್ದೆನೋ ಹೇಳುವುದು ಕಷ್ಟ. ನನ್ನ ಗಂಡ ಒಂದು ದಿನ ನೋಡಿ, "ಇದಕ್ಕಿಂತ ಹೊಸ ಬ್ಯಾಟರಿ ಹಾಕುದು ಸುಲಭ ಮಾರಾಯ್ತಿ, ಕಣ್ಣು ಹೊಸತು ಸಿಗುದಿಲ್ಲ" ಎಂದರು. ಒಳ್ಳೆಯ ಮಾತು ಹೇಳುವವರು ಯಾವಾಗಲೂ ತಪ್ಪು ಹೊತ್ತಿನಲ್ಲಿ ಹೇಳುತ್ತಾರೆ. ನಾನು ಕೇಳಲಿಲ್ಲ.

ಎಂಬತ್ತಾಗುವುದನ್ನು ಕಾಯುತ್ತಾ ಕೂರಲು ನನಗೆ ಪುರುಸೊತ್ತು ಎಲ್ಲಿ? ಅದಕ್ಕೆ ಅತ್ತೆಯನ್ನು ಕಾವಲಿಗೆ ನೇಮಿಸಿದೆ. ಅತ್ತೆಯ ತವರು ಮರ್ಕಂಜ. ಅವರದು ಅರೆಭಾಷೆ, ಪುತ್ತೂರು ಪೇಟೆಯಲ್ಲಿ ಬೆಳೆದ ನನಗೆ ಅದು ಅರೆ ಮಾತ್ರ ಬರುವುದರಿಂದ ನಮ್ಮಿಬ್ಬರ ವ್ಯವಹಾರವೆಲ್ಲ ಕನ್ನಡದಲ್ಲಿ. ಪರದೆಯ ಮೂಲೆಯಲ್ಲಿರುವ ಬ್ಯಾಟರಿಯ ಚಿತ್ರವನ್ನು ತೋರಿಸಿ, ಬಿಳಿ ಬಣ್ಣ ಮೇಲೇರಿದರೆ ಚಾರ್ಜು ಉಂಟು ಅಂತ, ಕೆಂಪಾದರೆ ಇಲ್ಲ ಅಂತ ಎಂದು ಹೇಳಿಕೊಟ್ಟೆ. ಅವರು ಎರಡೇ ದಿನದಲ್ಲಿ ಕಲಿತರು. ಒಲೆಯ ಮೇಲೆ ಹಾಲಿಟ್ಟ ಹಾಗೆ ಆಗಾಗ ಬಂದು ಇಣುಕಿ ಹೋಗುತ್ತಿದ್ದರು.

ನಮ್ಮ ಪಕ್ಕದ ಮನೆಯ ನಫೀಸಾ ಟೈಲರ್. ಆಲಂಕಾರಿನ ಸುತ್ತಮುತ್ತ ಸರಿಯಾಗಿ ಕೂರುವ ರವಕೆ ಹಾಕಿದವರು ಎದುರಾದರೆ ಅದು ಅವಳ ಕೈಯದು ಎಂದು ಕಣ್ಣು ಮುಚ್ಚಿ ಹೇಳಬಹುದು. ಅವಳ ಗಂಡ ಗಲ್ಫಿನಿಂದ ಬೆನ್ನುನೋವು ತಂದುಕೊಂಡು ಮರಳಿದ ಮೇಲೆ ಮನೆ ನಡೆಯುವುದು ಅವಳ ಹೊಲಿಗೆ ಮಿಷನ್ನಿನಿಂದ. ಕಡಬದ ಒಂದು ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಟೀಚರ್ ಬೇಕು ಎಂದು ಪ್ರಕಟಣೆ ಬಂತು. ಪ್ರತಿ ತಿಂಗಳು ಸಂಬಳ ಬರುವ ಕೆಲಸ. ವಯಸ್ಸಿನ ಮಿತಿ ದಾಟಲು ಅವಳಿಗೆ ಎರಡೇ ತಿಂಗಳಿತ್ತು, ಅಂದರೆ ಇದು ತಪ್ಪಿದರೆ ಮತ್ತೆ ಇಲ್ಲ. ಅರ್ಜಿ ಆನ್‌ಲೈನು, ಮೊಬೈಲಿನಲ್ಲಿ ತೆರೆಯುವುದಿಲ್ಲ. ಒಂದು ಪ್ರಮಾಣಪತ್ರ ಅವಳ ಕೈಗೆ ಬಂದದ್ದೇ ಸೋಮವಾರ ಸಂಜೆ. ಕೊನೆಯ ದಿನ ಮಂಗಳವಾರ, ಐದು ಗಂಟೆಯೊಳಗೆ. ನೀನು ಸುಮ್ಮನಿರು, ನಾನು ತುಂಬಿಸಿ ಕೊಡುತ್ತೇನೆ ಎಂದು ಎದೆ ತಟ್ಟಿ ಹೇಳಿದವಳು ನಾನೇ.

ಮಂಗಳವಾರ ನಮ್ಮಲ್ಲಿ ಲೈನ್ ಕೆಲಸದ ದಿನ. ಹತ್ತು ಗಂಟೆಗೆ ಹೋದ ಕರೆಂಟು ಬರುವುದು ಸಂಜೆ ಐದೂವರೆಗೆ. ಅದು ಗೊತ್ತಿದ್ದೇ ಕಾಲೇಜಿಗೆ ರಜೆ ಬರೆದು ಲೆಕ್ಕ ಹಾಕಿದ್ದೆ. ಬ್ಯಾಟರಿಯನ್ನು ನಿಯಮದ ಪ್ರಕಾರ ಇಪ್ಪತ್ತರವರೆಗೆ ಇಳಿಸಿ, ಬೆಳಿಗ್ಗೆ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಚಾರ್ಜಿಗೆ ಇಟ್ಟು ಬಟ್ಟೆ ಒಗೆಯಲು ಹೋದೆ. ಹತ್ತು ನಿಮಿಷ ಆಗಿರಬೇಕು, ಒಗೆಯುವ ಕಲ್ಲಿನಿಂದಲೇ ಕೂಗಿ ಕೇಳಿದೆ, "ಅತ್ತೇ, ಬ್ಯಾಟರಿ ಎಷ್ಟುಂಟು?"

"ತುಂಬಿತು ಮಗಾ" ಎಂದರು ಒಳಗಿನಿಂದ.

ಹಾಗಾದರೆ ಸ್ವಿಚ್ ತೆಗೆಯಿರಿ ಎಂದೆ. ತೆಗೆದರು. ಒಂದು ಗಂಟೆ ಹಿಡಿಯುವ ಚಾರ್ಜು ಹತ್ತೇ ನಿಮಿಷದಲ್ಲಿ ಹೇಗೆ ತುಂಬಿತು ಎಂದು ನನಗೆ ಸಂಶಯ ಬರಬೇಕಿತ್ತು. ಬಂದದ್ದು ಹೆಮ್ಮೆ. ಎರಡು ತಿಂಗಳ ವ್ರತಕ್ಕೆ ಫಲ ಸಿಕ್ಕಿತು, ಬ್ಯಾಟರಿಗೆ ಯೌವನ ಮರಳಿತು ಎಂದುಕೊಂಡು ಇನ್ನೆರಡು ಸೀರೆ ಹೆಚ್ಚು ಒಗೆದೆ.

ಹತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಹತ್ತೂವರೆಗೆ ನಫೀಸಾ ಪ್ಲಾಸ್ಟಿಕ್ ಕವರಿನಲ್ಲಿ ದಾಖಲೆಗಳನ್ನು ಎದೆಗೊತ್ತಿಕೊಂಡು ಬಂದಳು. ಲ್ಯಾಪ್‌ಟಾಪು ತೆರೆದರೆ ಇಪ್ಪತ್ತಮೂರು, ಕೆಂಪು. ಮುದಿ ಬ್ಯಾಟರಿಯಲ್ಲಿ ಇಪ್ಪತ್ತಮೂರು ಎಂದರೆ ಕಾಲು ಗಂಟೆಯ ಬಾಳು. ಬೆಳಕು ತಗ್ಗಿಸಿ, ಪರದೆಗೆ ಹಣೆ ತಾಗಿಸಿ ತುಂಬಿಸತೊಡಗಿದೆ. ಹೆಸರಾಯಿತು, ವಿಳಾಸವಾಯಿತು, ಅನುಭವ ಹದಿನಾರು ವರ್ಷ ಎಂದಾಯಿತು. ಫೋಟೊ ಏರಿಸುವಾಗ ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು, ಪರದೆ ಕಪ್ಪಾಯಿತು.

ನಫೀಸಾ ದಾಖಲೆಗಳನ್ನು ಒಂದೊಂದಾಗಿ ಕವರಿಗೆ ಹಾಕುತ್ತಾ, "ಪರವಾಗಿಲ್ಲ ಟೀಚರೇ. ನನ್ನ ಹಣೆಯಲ್ಲಿ ಇಲ್ಲದಿದ್ರೆ ನೀವು ಎಂತ ಮಾಡುದು?" ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯನ್ನೂ ಸಿಟ್ಟನ್ನೂ ಒಟ್ಟಿಗೆ ಹೊತ್ತುಕೊಂಡು ಅಡುಗೆ ಕೋಣೆಗೆ ಹೋಗಿ, ತುಂಬಿತು ಅಂದಿರಲ್ಲ ಅತ್ತೆ, ಎಲ್ಲಿ ತುಂಬಿದ್ದು ಎಂದು ಕೇಳಿದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಕೆಂಪಾಗಿತ್ತಲ್ಲ, ಅದಕ್ಕೇ ತುಂಬಿತು ಹೇಳಿದ್ದು. ಮನೆಯ ವಸ್ತು ಮುಗಿಯಿತು ಅಂತ ಬಾಯಲ್ಲಿ ಹೇಳ್ಲಿಕ್ಕುಂಟಾ? ಹಾಗೆ ಹೇಳಿದ್ರೆ ಅದು ಮತ್ತೆ ಬರುದು ಹೇಗೆ?"

ನಾನು ಅಲ್ಲೇ ಮಣೆಯ ಮೇಲೆ ಕುಳಿತೆ. ಈ ಮಾತು ನನಗೆ ಹೊಸದಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ "ಅಕ್ಕಿ ತುಂಬಿತು" ಎಂದಾಗ, ಹಾಗಾದರೆ ಈಗ ಬೇಡ ಎಂದು ಗಂಡನಿಗೆ ಹೇಳಿ ಮನೆಯವರೆಲ್ಲ ಎರಡು ದಿನ ಹಲಸಿನಕಾಯಿ ಪಲ್ಯ ತಿನ್ನುವಂತೆ ಮಾಡಿದವಳು ನಾನು. ಅದಾದರೂ ಹೋಗಲಿ. ನಾನು ಕಾಲೇಜಿನಲ್ಲಿ ಕಲಿಸುವುದು ಕನ್ನಡ. ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವುದು, ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವುದು, ಮುಗಿಯಿತು ಎನ್ನದೆ ತುಂಬಿತು ಎನ್ನುವುದು, ಆಹಾ ನಮ್ಮ ಹಿರಿಯರ ನಾಲಗೆಯ ಸಂಸ್ಕಾರ ನೋಡಿ ಎಂದು ಪ್ರತಿ ವರ್ಷ ಒಂದು ಪೀರಿಯಡ್ ಪೂರ್ತಿ ಕೊರೆಯುತ್ತೇನೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯನ್ನೂ ಕೊಡುತ್ತೇನೆ. ಆ ಐದರಲ್ಲಿ ಅಂದು ನನಗೆ ಸೊನ್ನೆ.

ದಾರಿ ತೋರಿಸಿದ್ದೂ ಅತ್ತೆಯೇ. ಪೇಟೆಯ ಸೈಬರ್ ಅಂಗಡಿಯಲ್ಲಿ ಕರೆಂಟಿಲ್ಲದಿದ್ದರೂ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಜನರೇಟರ್ ಹಾಕುತ್ತಾರೆ ಎಂದು ದಿನಾ ಹಾಲು ಕೊಡುವ ಅವರಿಗೆ ಗೊತ್ತಿತ್ತು. ನಾಲ್ಕು ಗಂಟೆಗೆ ನಫೀಸಾಳ ಸ್ಕೂಟರಿನಲ್ಲಿ, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೋದೆ. ಹಾಲಿನ ಕ್ಯಾನುಗಳ ನಡುವೆ ಒಂದು ಸ್ಟೂಲು ಸಿಕ್ಕಿತು, ಗೋಡೆಯಲ್ಲಿ ಒಂದು ಪ್ಲಗ್ ಸಿಕ್ಕಿತು. ಬರೆದದ್ದೆಲ್ಲ ಮತ್ತೆ ಮೊದಲಿನಿಂದ. ಸಾಲಿನಲ್ಲಿದ್ದ ಹೆಂಗಸರು ಹಾಲು ಅಳೆದಾದ ಮೇಲೂ ಹೋಗದೆ ಸುತ್ತ ನಿಂತರು. ಅವರಲ್ಲಿ ಅರ್ಧ ಜನ ಹಾಕಿದ್ದು ನಫೀಸಾ ಹೊಲಿದ ರವಕೆ. ಐದಕ್ಕೆ ಹನ್ನೊಂದು ನಿಮಿಷ ಇರುವಾಗ ಅರ್ಜಿ ಸ್ವೀಕರಿಸಲಾಗಿದೆ ಎಂದು ಬಂತು. ನಫೀಸಾ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. ಅಷ್ಟು ಹೊತ್ತು ಅವಳು ಎಷ್ಟು ಹೆದರಿದ್ದಳು ಎಂಬುದು ನನಗೆ ಆಗ ತಿಳಿಯಿತು.

ಕೆಲಸ ಸಿಕ್ಕಿತು. ಈಗ ಅವಳು ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಕಡಬಕ್ಕೆ ಹೋಗುತ್ತಾಳೆ, ನನ್ನ ಹಾಗೆಯೇ ಟೀಚರ್. ನಾನು ವ್ರತ ಬಿಟ್ಟು ಪುತ್ತೂರಿನಿಂದ ಹೊಸ ಬ್ಯಾಟರಿ ತರಿಸಿದೆ. ಮೊನ್ನೆ ಮೂರು ರವಕೆ ಹೊಲಿಸಬೇಕಾಗಿತ್ತು, ಪುರುಸೊತ್ತು ಉಂಟಾ ಎಂದು ನಫೀಸಾಳಿಗೆ ಫೋನ್ ಮಾಡಿ ಕೇಳಿದೆ. ಅವಳು ನಗುತ್ತಾ, "ಪುರುಸೊತ್ತು ತುಂಬಿತು ಟೀಚರೇ" ಎಂದಳು. ಉಪಕಾರ ಮರೆಯದ ಹೆಂಗಸು ಎಂದು ಮನಸ್ಸು ತುಂಬಿ ಬಂತು. ನಾಲ್ಕನೆಯ ರವಕೆಯ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು, ಅವಳು ಹೇಳಿದ್ದನ್ನು ಅತ್ತೆಗೂ ಸಂತೋಷದಿಂದ ತಿಳಿಸಿ ಚಪ್ಪಲಿ ಹಾಕಿದೆ.

ಅತ್ತೆ ಜಗಲಿಯಿಂದ ನನ್ನನ್ನೂ ಚೀಲವನ್ನೂ ನೋಡಿದರು. "ತುಂಬಿತು ಅಂತ ಹೇಳಿದ್ಲಲ್ಲ ಮಗಾ," ಎಂದರು, "ಮತ್ತೆ ನೀನು ಎಲ್ಲಿಗೆ ಹೋಗುದು?"