ಕರೆಯದೆ ಬರುವ ಸ್ವಾತಂತ್ರ್ಯ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಎಲೆಅಡಿಕೆಯ ಚಟ. ನನಗಿರುವುದು ಅಮೆರಿಕದ ಚಟ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಓದಿದ್ದು ಏಳನೇ ಕ್ಲಾಸು, ಕೂತಿರುವುದು ಚಾಮರಾಜನಗರದ ಒಂದು ಗಲ್ಲಿಯಲ್ಲಿ, ಮಾಡುವುದು ರವಿಕೆ ಹೊಲಿಯುವ ಕೆಲಸ. ಅಮೆರಿಕದ ಒಬ್ಬ ಹೆಂಗಸಿನ ಅಳತೆಯನ್ನೂ ನಾನು ತೆಗೆದವಳಲ್ಲ. ಆದರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಮೆಷಿನ್ನಿಗೆ ಎಣ್ಣೆ ಬಿಟ್ಟು, ದಾರದ ಡಬ್ಬಕ್ಕೆ ಫೋನು ಒರಗಿಸಿದರೆ ಮೊದಲು ಕೇಳುವುದು ಅಲ್ಲಿಯ ಸುದ್ದಿ. ನಮ್ಮ ವಾರ್ಡಿನ ಮೆಂಬರ್ ಯಾರೆಂದು ಕೇಳಿದರೆ ತಡವರಿಸುತ್ತೇನೆ. ಅಮೆರಿಕದ ಎರಡು ಪಕ್ಷಗಳಲ್ಲಿ ಯಾವುದಕ್ಕೆ ಆನೆ ಗುರುತು, ಯಾವುದಕ್ಕೆ ಕತ್ತೆ ಗುರುತು ಎಂದು ಕೇಳಿ ನೋಡಿ, ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತೇನೆ.

ಇದು ಶುರುವಾದದ್ದು ಒಂಟಿತನದಿಂದ. ರವಿಕೆ ಹೊಲಿಯುವುದು ಒಬ್ಬರೇ ಕೂತು ಮಾಡುವ ಕೆಲಸ. ಅಳತೆ ಕೊಡುವಾಗ ಬರುತ್ತಾರೆ, ಸರಿಯಾಗಲಿಲ್ಲ ಎಂದು ಜಗಳಕ್ಕೆ ಬರುತ್ತಾರೆ; ನಡುವೆ ಯಾರೂ ಇರುವುದಿಲ್ಲ. ನನಗೆ ಮದುವೆ ಆಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಒಂದು ದಿನ ತೋಳು ಕತ್ತರಿಸುವ ವಿಡಿಯೊ ನೋಡುತ್ತಿದ್ದೆ. ಅದು ಮುಗಿಯಿತು. ಕೈಯಲ್ಲಿ ಕತ್ತರಿ ಬಟ್ಟೆ ಎರಡೂ ಇದ್ದುದರಿಂದ ಫೋನು ಮುಟ್ಟಲಾಗಲಿಲ್ಲ. ಅದರ ಹಿಂದೆಯೇ ತಾನಾಗಿ ಇನ್ನೊಂದು ವಿಡಿಯೊ ಶುರುವಾಗಿ ಒಬ್ಬರು ಬಂದು ಕೂತರು. ಅಮೆರಿಕದಲ್ಲೇ ಇರುವ ಕನ್ನಡದವರು, ಕನ್ನಡಕ ಹಾಕಿದ ತಣ್ಣನೆಯ ಮುಖ. ಅವರ ಹೆಸರು ಇಂಗ್ಲಿಷಿನಲ್ಲಿ ಬರುವುದರಿಂದ ಓದಲಾಗದೆ ನಾನು ಮೇಷ್ಟ್ರು ಅನ್ನುತ್ತೇನೆ. ಆವತ್ತಿನಿಂದ ಹೋಗಿಲ್ಲ.

ಮೇಷ್ಟ್ರು ಎರಡು ಪಕ್ಷಗಳನ್ನೂ ಬೈಯುತ್ತಾರೆ. ಅದಕ್ಕೇ ನನಗೆ ಹಿಡಿಸಿದರು. ಒಂದು ಪಕ್ಷ ನಿನ್ನ ಜೇಬಿಗೆ ಕೈಹಾಕುತ್ತದೆ, ಇನ್ನೊಂದು ನಿನ್ನ ಮಲಗುವ ಕೋಣೆಗೆ ಇಣುಕುತ್ತದೆ, ಗೆದ್ದಮೇಲೆ ಇಬ್ಬರೂ ಎರಡನ್ನೂ ಮಾಡುತ್ತಾರೆ ಅನ್ನುತ್ತಾರೆ. ಸರ್ಕಾರ ಇರಬೇಕು, ಆದರೆ ದೂರದ ನೆಂಟನ ಹಾಗೆ ಜಗುಲಿಯಲ್ಲಿ ಇರಬೇಕು, ಅಡುಗೆಮನೆಗೆ ಬಂದು ಸಾರಿನ ರುಚಿ ನೋಡಬಾರದು. ಇದು ನಾನು ಅರ್ಥಮಾಡಿಕೊಂಡ ರೀತಿ. ಹೊರದೇಶದ ಸಾಮಾನಿಗೆ ಸುಂಕ ಏರಿಸಿ ಅಲ್ಲಿಯ ಅಧ್ಯಕ್ಷರು ಎದೆ ತಟ್ಟಿಕೊಂಡಾಗ ಮೇಷ್ಟ್ರು, ಈ ಸುಂಕ ಕಟ್ಟುವವನು ಹೊರದೇಶದವನಲ್ಲ, ಅಂಗಡಿಗೆ ಹೋಗುವ ನಮ್ಮವನೇ ಅಂದರು. ಅದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೈನಿಂಗ್ ಬಟ್ಟೆಗೆ ರೇಟು ಏರಿದಾಗ ಕಷ್ಟವೆಲ್ಲ ಬಟ್ಟೆ ಅಂಗಡಿಯವನದೇನು? ಅವನು ನನ್ನ ಮೇಲೆ ಹಾಕಿದ, ನಾನು ಗಿರಾಕಿಯ ಮೇಲೆ ಹಾಕಿದೆ, ಗಿರಾಕಿ ಮನೆಗೆ ಹೋಗಿ ಗಂಡನ ಮೇಲೆ ಹಾಕಿದಳು.

ಆ ದೇಶದಲ್ಲಿ ಮನೆ ಮುಂದಿನ ಹುಲ್ಲು ಉದ್ದ ಬೆಳೆದರೆ ನೋಟೀಸು ಬರುವ ಊರುಗಳಿವೆಯಂತೆ. ಮಕ್ಕಳು ರಸ್ತೆ ಬದಿ ನಿಂಬೆ ಪಾನಕ ಮಾರಿದರೆ ಪರವಾನಗಿ ಎಲ್ಲಿ ಎಂದು ಕೇಳುತ್ತಾರಂತೆ. ಕೆಲವು ಕಡೆ ಇನ್ನೊಬ್ಬರಿಗೆ ಜಡೆ ಹೆಣೆದುಕೊಡಲೂ ಲೈಸೆನ್ಸು ಬೇಕಿತ್ತಂತೆ. ಇದನ್ನು ಕೇಳಿ ನಾನು ಮೆಷಿನ್ ನಿಲ್ಲಿಸಿದೆ. ನನ್ನ ತಂಗಿ ಸುಧಾಳಿಗೆ ಅವಳ ಮದುವೆಯ ದಿನದವರೆಗೂ ಜಡೆ ಹಾಕಿದವಳು ನಾನು. ಅಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಜೈಲಿನಲ್ಲಿರುತ್ತಿದ್ದೆ. ಇನ್ನೊಂದು ಸಲ ಬಜೆಟ್ಟಿನ ಜಗಳದಲ್ಲಿ ಅಲ್ಲಿಯ ಸರ್ಕಾರಿ ಕಚೇರಿಗಳೇ ಮುಚ್ಚಿಹೋದವು. ದೇಶ ನಡೆಯುತ್ತಲೇ ಇದೆ ನೋಡಿ ಎಂದರು ಮೇಷ್ಟ್ರು. ನಮ್ಮಲ್ಲಿ ಸರ್ವರ್ ಡೌನ್ ಎಂಬ ಹೆಸರಿನಲ್ಲಿ ಇದು ಆಗಾಗ ನಡೆಯುತ್ತಿರುತ್ತದೆ, ಯಾರೂ ಅದನ್ನು ಸುದ್ದಿ ಎಂದು ತಿಳಿದುಕೊಂಡಿಲ್ಲ.

ಕೇಳಿ ಕೇಳಿ ನಾನೂ ಸ್ವಾತಂತ್ರ್ಯದ ಪಕ್ಷದವಳಾದೆ. ನಮ್ಮ ಗಲ್ಲಿಯಲ್ಲಿ ಆ ಪಕ್ಷದಲ್ಲಿರುವುದು ನಾನೊಬ್ಬಳೇ. ತಾಯಿ ಮಗಳು ಜೊತೆಯಾಗಿ ಬಂದು, ತಾಯಿ “ಬೆನ್ನು ಇಷ್ಟೇ ಬಿಡಿ” ಎಂದು ಎರಡು ಬೆರಳು ತೋರಿಸಿ, ಮಗಳು ತಾಯಿಯ ಹಿಂದೆ ನಿಂತು ಮೊಳ ತೋರಿಸಿದರೆ, ನಾನು ಮಗಳ ಕಡೆ. ಬೆನ್ನು ಯಾರದೋ ತೀರ್ಮಾನ ಅವರದು. ಇದರಿಂದ ಒಂದೆರಡು ಒಳ್ಳೆಯ ಗಿರಾಕಿಗಳು ಹೋದರು. ಪಕ್ಕದ ಬಳೆ ಅಂಗಡಿಯ ಫರೀದಮ್ಮ ಮಾತ್ರ ಹೋಗಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೀ ಲೋಟ ಹಿಡಿದು ಬಂದು, “ಏನು ಜಯಕ್ಕ, ಅಮೆರಿಕದಲ್ಲಿ ಇವತ್ತು ಮಳೆನಾ ಬಿಸಿಲಾ?” ಎಂದು ಕೇಳುತ್ತಾಳೆ. ನಾನು ಸುಂಕದ ವಿಷಯ ಶುರುಮಾಡಿದರೆ, “ಆ ಸುಂಕ ಗಾಜಿನ ಬಳೆಗೂ ಉಂಟಾ ಕೇಳಿ ಹೇಳು, ಇಲ್ಲ ಅಂದ್ರೆ ನಂಗೆ ಯಾಕೆ” ಎಂದು ಲೋಟ ತೊಳೆದಿಟ್ಟು ಹೋಗುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಾನು ಈ ಸ್ವಾತಂತ್ರ್ಯವನ್ನು ತಂಗಿಯ ಮೇಲೂ ಪ್ರಯೋಗಿಸಿಬಿಟ್ಟೆ.

ಸುಧಾಳನ್ನು ಕೊಟ್ಟಿರುವುದು ಗುಂಡ್ಲುಪೇಟೆಗೆ. ಗಂಡ ತರಕಾರಿ ಮಂಡಿಯಲ್ಲಿ ಕೇರಳದ ಲಾರಿಗಳಿಗೆ ಲೋಡು ಮಾಡಿಸುತ್ತಾನೆ. ಕಾಡಿನ ರಸ್ತೆಯನ್ನು ಸರ್ಕಾರ ಪ್ರಾಣಿಗಳಿಗೋಸ್ಕರ ರಾತ್ರಿ ಮುಚ್ಚುವುದರಿಂದ ಲಾರಿಗಳೆಲ್ಲ ತಡ ಎಂದು ಅವನು ಗೊಣಗಿದಾಗ ನಾನು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಒದ್ದಾಡಿದ್ದೇನೆ. ಲಾರಿಗೂ ಸ್ವಾತಂತ್ರ್ಯವುಂಟು, ಆನೆಗೂ ಉಂಟು. ಅದಿರಲಿ. ಅಪ್ಪ ಅವ್ವ ಹೋಗಿ, ನಾವು ಹುಟ್ಟಿದ ಉಮ್ಮತ್ತೂರಿನ ಮನೆಯೂ ದಾಯಾದಿಗಳ ಪಾಲಾದಮೇಲೆ ಸುಧಾಳಿಗೆ ತವರು ಅಂತ ಉಳಿದದ್ದು ನಾನು, ಅಂದರೆ ಈ ಅಂಗಡಿಯ ಹಿಂದಿನ ಕೋಣೆ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬರುತ್ತಾಳೆ. ತಾನಾಗಿ ಬರುವುದಿಲ್ಲ, ನಾನು ಹೋಗಿ ಕರೆಯಬೇಕು. ಹೂವು, ಹಣ್ಣು, ಬಳೆ ತೆಗೆದುಕೊಂಡು ಬಸ್ಸು ಹತ್ತಿ, ಅವರ ಮನೆಯ ಬಾಗಿಲಲ್ಲಿ ನಿಂತು, ಅವಳ ಅತ್ತೆ ದೊಡ್ಡತಾಯಮ್ಮನನ್ನು, “ತಂಗೀನ ಹಬ್ಬಕ್ಕೆ ಕಳಿಸ್ಕೊಡಿ ಕಣವ್ವ” ಎಂದು ಕೇಳಬೇಕು. ಆಕೆ, “ಇಲ್ಲ ಕಣವ್ವ, ಮನೇಲಿ ಕೆಲ್ಸದೆ, ಕಳ್ಸಾಕಿಲ್ಲ” ಅನ್ನಬೇಕು. ನಾನು ಕೂತು, ಕಾಫಿ ಕುಡಿದು, ಮತ್ತೆ ಕೇಳಬೇಕು. ಆಕೆ ತನ್ನ ಮಂಡಿನೋವು, ಸೊಸೆಯ ಕೈಯಡುಗೆಯ ಉಪ್ಪು, ಹೋದ ಸಲ ನಾನು ತಡವಾಗಿ ವಾಪಸು ಕಳಿಸಿದ್ದು ಎಲ್ಲ ಹೇಳಿ ಇನ್ನೊಮ್ಮೆ ಇಲ್ಲ ಅನ್ನಬೇಕು. ಆಮೇಲೆ, “ಏನೋ, ಕೇಳ್ಕಂಡು ಬಂದಿದ್ದೀಯೆ, ಕರ್ಕಂಡೋಗು” ಅನ್ನಬೇಕು. ಅಷ್ಟು ಹೊತ್ತೂ ಸುಧಾ ಬಾಗಿಲ ಹಿಂದೆ ಬ್ಯಾಗು ತುಂಬಿಟ್ಟುಕೊಂಡು ತನಗೆ ಹೋಗಲು ಇಷ್ಟವೇ ಇಲ್ಲ ಎಂಬ ಮುಖದಲ್ಲಿ ನಿಂತಿರಬೇಕು.

ಹೋದ ಗೌರಿಗೆ ಮುಂಚೆ ನನಗೆ ಇದೆಲ್ಲ ಮೇಷ್ಟ್ರ ಕಣ್ಣಿನಲ್ಲಿ ಕಾಣಿಸಿತು. ಮಕ್ಕಳು ಹೈಸ್ಕೂಲಿಗೆ ಬಂದಿರುವ ಹೆಂಗಸು ಅಕ್ಕನನ್ನು ನೋಡಲು ಅತ್ತೆಯಿಂದ ಪರವಾನಗಿ ಪಡೆಯಬೇಕು, ಆ ಅರ್ಜಿ ಹೊತ್ತುಕೊಂಡು ನಾನು ಬಸ್ಸಿನಲ್ಲಿ ಹೋಗಬೇಕು. ಜಡೆ ಹೆಣೆಯುವ ಲೈಸೆನ್ಸಿಗೂ ಇದಕ್ಕೂ ಏನು ವ್ಯತ್ಯಾಸ? ಸುಧಾಳಿಗೆ ಫೋನು ಮಾಡಿದೆ.

“ನೋಡು ಸುಧಾ, ಈ ಸಲದಿಂದ ನಾನು ಕರೆಯಕ್ಕೆ ಬರಲ್ಲ. ಯಾರ ಅಪ್ಪಣೆನೂ ಬ್ಯಾಡ. ನಿಂಗೆ ಬರಬೇಕು ಅನ್ಸಿದ್ರೆ ಬಾ, ಬ್ಯಾಡ ಅನ್ಸಿದ್ರೆ ಬುಡು. ಬಲವಂತ ಇಲ್ಲ.”

ಅವಳು ಕುಕ್ಕರಿನ ಉರಿ ಆರಿಸಿ ಬಂದು, “ಯಾಕಕ್ಕ, ಉಸಾರಿಲ್ವಾ?” ಎಂದಳು.

“ಉಸಾರಾಗಿವ್ನಿ. ನೀನು ಸ್ವತಂತ್ರವಾಗಿರಬೇಕು ಅಂತ ಹೇಳ್ತಿದ್ದೀನಿ.”

“ಆಯ್ತು ಕಣಕ್ಕ” ಎಂದು ಇಟ್ಟಳು.

ಈಗ ನಿಜ ಹೇಳಿಬಿಡುತ್ತೇನೆ. ಆ ವಾರ ಹಬ್ಬದ ರವಿಕೆಗಳು ಮಂಚದ ಮೇಲೂ ರಾಶಿಯಾಗಿದ್ದವು. ಒಂದು ದಿನ ಅಂಗಡಿ ಮುಚ್ಚಲು ಮನಸ್ಸಿರಲಿಲ್ಲ. ಬಸ್ಸಿನ ನೂಕುನುಗ್ಗಲು, ದೊಡ್ಡತಾಯಮ್ಮನ ಮಂಡಿನೋವು ಎರಡೂ ನನಗೆ ಬೇಡವಾಗಿದ್ದವು. ಬರಲು ಸೋಮಾರಿತನ ಎಂದು ತಂಗಿಗೆ ಹೇಳುವುದಕ್ಕಿಂತ ನಿನಗೆ ಸ್ವಾತಂತ್ರ್ಯ ಕೊಟ್ಟಿದ್ದೇನೆ ಅನ್ನುವುದು ಎಷ್ಟೋ ಮರ್ಯಾದೆಯ ಮಾತು. ಮೇಷ್ಟ್ರು ಹೇಳಿದ್ದು ಸರ್ಕಾರದ ಬಗ್ಗೆ. ಸರ್ಕಾರ ಬಾಗಿಲಿಗೆ ಬರದಿದ್ದರೆ ಮನೆಯವರಿಗೆ ನೆಮ್ಮದಿ. ಅದೇ ನೆಮ್ಮದಿಯನ್ನು ನಾನು ತಂಗಿಗೂ ಕೊಟ್ಟುಬಿಟ್ಟೆ.

ಹಬ್ಬದ ದಿನ ಹೋಳಿಗೆ ಮಾಡಿದೆ. ಬರುತ್ತಾಳೆ ಎಂದೇ ನನ್ನ ಲೆಕ್ಕ. ಸ್ವಾತಂತ್ರ್ಯ ಸಿಕ್ಕವರು ಓಡಿ ಬರುತ್ತಾರೆ ಎಂದುಕೊಂಡಿದ್ದೆ. ಮೊರದಲ್ಲಿ ಅಕ್ಕಿ, ಕೊಬ್ಬರಿ, ರವಿಕೆ ಕಣ ಜೋಡಿಸಿಟ್ಟು ಬಾಗಿಲಲ್ಲಿ ಕೂತೆ. ಗಲ್ಲಿಯಲ್ಲಿ ನಾನೇ ಹೊಲಿದ ರವಿಕೆಗಳು ಒಂದೊಂದಾಗಿ ತವರಿಗೆ ಹೋಗುತ್ತಿದ್ದವು, ಅಣ್ಣತಮ್ಮಂದಿರ ಸ್ಕೂಟರಿನ ಹಿಂದೆ ಕೂತು. ಆವತ್ತು ಫೋನು ಹಚ್ಚಲಿಲ್ಲ. ಹೊತ್ತು ಇಳಿದಮೇಲೆ ಫರೀದಮ್ಮ ಇಣುಕಿದಳು.

“ತಂಗಿ ಬರಲಿಲ್ವಾ?”

“ಅವಳಿಷ್ಟ” ಎಂದೆ.

“ಕರೆಯಕ್ಕೆ ಹೋಗಿದ್ಯಾ?”

“ದೊಡ್ಡ ಹೆಂಗಸು, ಅವಳನ್ನೇನು ಕರೆಯೋದು? ಬಾಗಿಲು ತೆರದೇ ಅದೆ.”

“ಬಾಗಿಲು ನನ್ ಅಂಗಡೀದೂ ತೆರದೇ ಇರ್ತದೆ ಜಯಕ್ಕ. ಹಂಗಂತ ಬನ್ನಿ ಬನ್ನಿ ಅಂತ ಕೂಗೋದು ಬಿಟ್ಟಿದ್ದೀನಾ?” ಎಂದು ಹೋಳಿಗೆ ತಿನ್ನಲು ಕೂತಳು. ನಾಲ್ಕು ತಿಂದಳು. ಅವಳು ಎದ್ದು ಹೋದಮೇಲೆ ಉಳಿದದ್ದನ್ನು ನಾನು ಮೂರು ದಿನ ತಿಂದೆ.

ಹಬ್ಬ ಕಳೆದು ಗಣಪತಿ ನೀರಿಗೆ ಬಿದ್ದಮೇಲೆ ತಡೆಯಲಾಗದೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಅವಳನ್ನು ಬೈಯಲು ಮಾತು ಜೋಡಿಸಿದೆ, ದಾಟಿದಮೇಲೆ ಕ್ಷಮೆ ಕೇಳಲು. ಬಾಗಿಲಲ್ಲೇ ದೊಡ್ಡತಾಯಮ್ಮ ಕೂತಿದ್ದರು. ನನ್ನನ್ನು ಕಂಡು ಕಾಲು ಎಳೆದುಕೊಂಡು ಜಾಗ ಬಿಟ್ಟರು.

“ಈಗ ಬಂದ್ಯಾ? ಕಳ್ಸಾಕಿಲ್ಲ ಅನ್ನಕ್ಕೆ ಅಂತ ಜಗುಲಿ ಮೇಲೆ ಕಾಯ್ಕಂಡು ಕೂತಿದ್ದೆ ಕಣವ್ವ. ನೀನೇ ಬರ್ಲಿಲ್ಲ. ಈ ಮನೇಲಿ ವರ್ಸಕ್ಕೆ ಅದೊಂದು ಮಾತು ನನ್ನ ಕೇಳ್ತಿದ್ರು. ಅದ್ನೂ ತೆಗೆದಾಕ್ಬುಟ್ಟೆ.”

ಅಪ್ಪಣೆ ಕೇಳುವವರ ಕಷ್ಟವನ್ನು ನಾನು ಬೇಕಾದಷ್ಟು ಯೋಚಿಸಿದ್ದೆ. ಇಲ್ಲ ಅನ್ನುವವರಿಗೂ ಒಂದು ಕಷ್ಟವಿರುತ್ತದೆ ಎಂದು ಮೇಷ್ಟ್ರೂ ಹೇಳಿರಲಿಲ್ಲ.

ಸುಧಾ ಒಳಗಿನಿಂದ ನೀರು ತಂದುಕೊಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಸಿಟ್ಟಿಗೆ ಉತ್ತರ ನನ್ನ ಹತ್ತಿರ ಇತ್ತು.

“ಬ್ಯಾಗ್ ತುಂಬಿದ್ದೆ ಕಣಕ್ಕ” ಎಂದಳು. “ಬಸ್ ಸ್ಟ್ಯಾಂಡ್ ತಂಕ ಓಗಿದ್ದೆ. ಆಮೇಲೆ ಅನ್ಸ್ತು, ಅಕ್ಕ ಬರಬ್ಯಾಡ ಅನ್ನಕ್ಕೆ ನಾಚ್ಕಂಡು ಅಂಗೆ ಹೇಳವ್ಳೆ ಅಂತ. ವಾಪಸ್ ಬಂದ್ಬುಟ್ಟೆ.”

“ಬರಬ್ಯಾಡ ಅಂತ ಎಲ್ಲಿ ಅಂದೆ?”

“ಬಾ ಅಂತಾನೂ ಅನ್ನಲಿಲ್ವಲ್ಲಕ್ಕ.”

ನಾನು ನೀರು ಕುಡಿದೆ. ಬೇಡವಾಗಿದ್ದರೂ ಲೋಟ ಖಾಲಿಯಾಗುವವರೆಗೂ ಕುಡಿದೆ.

“ಆಮೇಲೆ ಅತ್ತೆನೇ ಮಡಿಲು ತುಂಬಿದ್ರು” ಎಂದಳು ಸುಧಾ. “ಹಸಿರು ಬಳೆ ತೊಡಿಸಿದ್ರು. ಚೆನ್ನಾಗಿತ್ತು ಕಣಕ್ಕ. ಇಷ್ಟು ವರ್ಸದಲ್ಲಿ ನಮ್ಮನೆ ಗೌರಿನ ನಾನು ನೋಡೇ ಇರಲಿಲ್ಲ. ಮಕ್ಕಳೂ ಕುಣಿದಾಡ್ಬುಟ್ವು. ನೀನು ಹೇಳಿದ್ದು ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು.”

ಮಾತಿನಲ್ಲಿ ಕುಹಕವಿದೆಯೇ ಎಂದು ಹುಡುಕಿದೆ, ಇರಲಿಲ್ಲ. ಅವಳು ನಿಜವಾಗಿ ಸ್ವತಂತ್ರಳಾಗಿದ್ದಳು. ಮೇಷ್ಟ್ರ ಸಿದ್ಧಾಂತ ಅಮೆರಿಕದಲ್ಲಿ ಎಂದಾದರೂ ಗೆಲ್ಲುತ್ತದೋ ಇಲ್ಲವೋ, ಗುಂಡ್ಲುಪೇಟೆಯಲ್ಲಿ ಪೂರ್ತಿ ಗೆದ್ದಿತ್ತು. ಗೆಲ್ಲಿಸಿದ ನಾನು ಅವರ ಮನೆಯ ಚಾಪೆಯ ಮೇಲೆ ಅಪರಿಚಿತಳ ಹಾಗೆ ಕೂತಿದ್ದೆ.

ಊಟ ಮಾಡಿಸಿಯೇ ಬಿಟ್ಟರು. ಹೊರಡುವಾಗ ಧೈರ್ಯ ಮಾಡಿ, “ಮುಂದಿನ ಗೌರಿಗೆ ತಂಗೀನ ಕಳಿಸ್ಕೊಡ್ತೀರಾ ಅವ್ವ?” ಎಂದು ಕೇಳಿದೆ. ದೊಡ್ಡತಾಯಮ್ಮನ ಮುಖ ಅರಳಿತು. “ಇಲ್ಲ ಕಣವ್ವ, ಕಳ್ಸಾಕಿಲ್ಲ” ಎಂದರು. ನಾನು ಪದ್ಧತಿಯಂತೆ ಮತ್ತೆ ಕೇಳಿದೆ. ಮತ್ತೆ ಇಲ್ಲ ಎಂದರು. ಇನ್ನೊಮ್ಮೆ ಕೇಳಿ ಕಾದೆ. ಆಕೆ ಸೊಸೆಯ ಮುಖ ನೋಡಿದರು, ಸೊಸೆ ನೆಲ ನೋಡಿದಳು.

“ನೀನೇ ಇಲ್ಲಿಗೆ ಬಂದ್ಬುಡು” ಎಂದರು ದೊಡ್ಡತಾಯಮ್ಮ. “ಅಲ್ಲಿ ಒಬ್ಬಳೇ ಕೂತ್ಕಂಡು ಯಾರ್ಗೆ ಹಬ್ಬ ಮಾಡೀಯೆ?”

“ಹೂಂ ಕಣಕ್ಕ, ಬಾ” ಎಂದಳು ಸುಧಾ. “ನಿಂಗೇನು, ಹೇಳೋರಿಲ್ಲ ಕೇಳೋರಿಲ್ಲ. ಯಾವಾಗ ಬೇಕಾದ್ರೂ ಬರಬೋದು.”

ಇಷ್ಟು ಒಳ್ಳೆಯ ಮಾತಿಗೆ ಹೂಂ ಅಂದು ಬರಬೇಕಾಗಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. “ನೀನು ಬಂದು ಕರೆದ್ರೆ ಬತ್ತೀನಿ. ಸುಮ್ಸುಮ್ನೆ ಹೆಂಗೆ ಬರಕ್ಕಾಯ್ತದೆ?” ಎಂದುಬಿಟ್ಟೆ. ಸುಧಾ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು, ಅಥವಾ ಹಾಗೆ ಕಂಡಿತು. ನನಗೆ ಈಗೀಗ ಸೂಜಿಯ ಕಣ್ಣೇ ಸರಿಯಾಗಿ ಕಾಣುವುದಿಲ್ಲ.

ಈಗಲೂ ನಾನು ಸ್ವಾತಂತ್ರ್ಯದ ಪಕ್ಷವೇ. ಸುಂಕ ಏರಿಸಿದರೆ ಬೈಯುತ್ತೇನೆ, ಹುಲ್ಲಿಗೆ ನೋಟೀಸು ಕೊಡುವವರನ್ನು ಬೈಯುತ್ತೇನೆ. ಆದರೆ ಗೌರಿ ಹತ್ತಿರ ಬರುತ್ತಿರುವ ಈ ದಿನಗಳಲ್ಲಿ ಒಂದು ಹೊಸ ಚಿಂತೆ ಹತ್ತಿಕೊಂಡಿದೆ. ಸುಧಾ ಕರೆಯಲು ಬಂದೇ ಬರುತ್ತಾಳೆ ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತು, ಅಕ್ಕನನ್ನು ಕಳಿಸಿಕೊಡಿ ಎಂದು ಅವಳು ಯಾರನ್ನು ಕೇಳಬೇಕು? ನನ್ನನ್ನು ಕಳಿಸುವುದಿಲ್ಲ ಅನ್ನುವವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಯೋಚಿಸಿ ಯೋಚಿಸಿ ನಿನ್ನೆ ಮಧ್ಯಾಹ್ನ ಫರೀದಮ್ಮನನ್ನು ಕೇಳಿಕೊಂಡೆ, ಆವತ್ತು ಒಂದು ಗಳಿಗೆ ಬಂದು ಇಲ್ಲಿ ಕೂತಿರು, ತಂಗಿ ಕೇಳಿದರೆ ಜಯಕ್ಕನನ್ನು ಕಳಿಸುವುದಿಲ್ಲ ಅನ್ನು ಎಂದು.

ಫರೀದಮ್ಮ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ.

“ಎಷ್ಟು ಸಲ ಇಲ್ಲ ಅನ್ನಬೇಕು?” ಎಂದು ಕೇಳಿದಳು.

“ಒಂದೇ ಸಲ ಅನ್ನು. ಅದೂ ಮೆಲ್ಲಗೆ” ಎಂದೆ. “ಜೋರಾಗಿ ಅಂದ್ರೆ ವಾಪಸ್ ಹೊಂಟೋಗ್ಬುಟ್ಟಾಳು.”